ಉಪ್ಪಿನ ಬಕೆಟ್ಟು

ಬೆಳಗ್ಗೆ ಎಂಟಕ್ಕೆ ಪಂಪುಗಳ ಕೋಣೆಯ ಬಾಗಿಲಿನ ಪಕ್ಕ ಉಪ್ಪಣ್ಣ ಒಂದು ಬಿಳಿ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದ. ಅದರಲ್ಲಿ ಸಮುದ್ರಕ್ಕಿಂತ ಮೂರು ಪಟ್ಟು ಉಪ್ಪಾದ ನೀರು. ಮೀನುಮನೆಯ ಕೆಲಸದವರೆಲ್ಲ ಸಾಲಾಗಿ ನಿಂತು, ಅಂಗಿಯ ತೋಳು ಮಡಚಿ, ಎರಡೂ ಕೈ ಮಣಿಕಟ್ಟಿನ ತನಕ ಮುಳುಗಿಸಿ ಹತ್ತರವರೆಗೆ ಎಣಿಸಬೇಕು. ಉಪ್ಪಣ್ಣ ಕೈ ನೋಡುತ್ತಿರಲಿಲ್ಲ. ಮುಖ ನೋಡುತ್ತಿದ್ದ.

"ಕೈ ಸುಳ್ಳು ಹೇಳುತ್ತೆ," ಎನ್ನುತ್ತಿದ್ದ. "ನಮ್ಮ ಕೈಗಳೆಲ್ಲ ಯಾವಾಗಲೂ ಕೆಂಪಗೇ ಇರ್ತವೆ. ಗಾಯ ಇದ್ರೆ ಮುಖ ಒಪ್ಕೊಳ್ಳುತ್ತೆ."

ಹುಬ್ಬು ಗಂಟಾದವರಿಗೆ, ಉಸಿರು ಎಳೆದುಕೊಂಡವರಿಗೆ ಅವತ್ತು ಒಣ ಕೆಲಸ. ಕೊಳವೆಗಳ ಮೇಲೆ ಕಟ್ಟಿದ ಉಪ್ಪಿನ ಹೆಪ್ಪು ಕೆರೆಯುವುದು, ಹೊರಗಿನ ಗಾಜು ಒರೆಸುವುದು, ಮಕ್ಕಳ ಮೂಗಿನ ಗುರುತುಗಳನ್ನು ಅಳಿಸುವುದು. ಗಾಯವಿದ್ದ ಕೈ ತೊಟ್ಟಿಗೆ ಇಳಿಯಕೂಡದು. ನೀರಿನಲ್ಲಿರುವುದು ಗಾಯಕ್ಕೆ ಹೋಗಬಾರದು, ಗಾಯದಲ್ಲಿರುವುದು ನೀರಿಗೆ ಹೋಗಬಾರದು. ಇಪ್ಪತ್ತೆಂಟು ವರ್ಷ ಉಪ್ಪು ಕಲಸಿದ ಮೇಲ್ವಿಚಾರಕ ಅವನು. ಹೆಸರು ಅಲ್ಲಿಂದಲೇ ಬಂದಿದ್ದು. ಬಕೆಟ್ಟಿನ ಪದ್ಧತಿಯೂ ಅವನದೇ.

"ಗಾಯಕ್ಕೆ ಉಪ್ಪು ಸವರೋದು ಅಂತ ಜನ ಬಾಯಿಮಾತಿಗೆ ಹೇಳ್ತಾರೆ," ಎಂದಿದ್ದಳು ನನ್ನ ಅತ್ತಿಗೆ, ಕೆಲಸಕ್ಕೆ ಸೇರಿದ ಮೊದಲ ವಾರ. "ಇಲ್ಲಿ ಅದೇ ಹಾಜರಿ."

ಅಣ್ಣನ ಹೆಂಡತಿ ಅವಳು, ನನ್ನ ವಾರಿಗೆಯವಳು. ಸಿದ್ಧ ಉಡುಪಿನ ಕಾರ್ಖಾನೆ ಮುಚ್ಚಿ ಅವಳು ಮನೆಯಲ್ಲಿ ಕೂತಾಗ ಉಪ್ಪಣ್ಣನಿಗೆ ಹೇಳಿ ಇಲ್ಲಿಗೆ ಸೇರಿಸಿದ್ದು ನಾನೇ. ಮೂರು ಜನರ ಮನೆ ನಮ್ಮದು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ. ಸಂಜೆ ಅವಳು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದಳು. ಗುಂಡಿ, ಅಂಚು, ಕಸೂತಿ, ಕೈಹೊಲಿಗೆಯ ಕೆಲಸವೆಂದರೆ ಅವಳಿಗೆ ಪ್ರಾಣ. "ಯಂತ್ರ ಹೊಲಿಯೋದು ಹೊಟ್ಟೆಗೆ. ಸೂಜಿ ನನಗೆ," ಎನ್ನುತ್ತಿದ್ದಳು. ನನ್ನನ್ನು ಕರೆಯುತ್ತಿದ್ದುದು ರಾಣಿ ಎಂದು. ಸಮುದ್ರದ ರಾಣಿ. ಮನೆಯಲ್ಲಿ ಒಂದು ಲೋಟ ತೊಳೆಯಲಿಲ್ಲವೆಂದರೆ, "ರಾಣಿಯವರು ಬರೀ ಉಪ್ಪುನೀರಿಗೆ ಕೈ ಹಾಕ್ತಾರೆ, ಸಿಹಿನೀರು ಆಗಿಬರಲ್ಲ."

ಉಪ್ಪುನೀರಿನಲ್ಲಿ ದಿನಕ್ಕೆ ಐದಾರು ಗಂಟೆ ಕೈಯಿಟ್ಟು ದುಡಿದರೆ ಚರ್ಮ ಚರ್ಮವಾಗಿ ಉಳಿಯುವುದಿಲ್ಲ. ಮೊದಲು ತುರಿಕೆ. ಬೆರಳಸಂದಿಯಲ್ಲಿ, ಗಡಿಯಾರದ ಪಟ್ಟಿಯ ಅಡಿಯಲ್ಲಿ, ಮೊಣಕೈ ಮಡಿಕೆಯಲ್ಲಿ. ಆಮೇಲೆ ಗೆಣ್ಣುಗಳ ಮೇಲೆ ಬಿರುಕು. ಬಂಡೆಸಂದಿಯ ರೋಮದ ಹುಳು ತಾಗಿದರೆ ಗಾಜಿನ ಎಳೆಯಂಥ ನೂರು ಮುಳ್ಳು. ಅಂಟುಪಟ್ಟಿ ಒತ್ತಿ ಕಿತ್ತರೆ ಎಂಬತ್ತು ಬರುತ್ತವೆ, ಇಪ್ಪತ್ತು ನಮ್ಮ ಜೊತೆ ಮನೆಗೆ ಬರುತ್ತವೆ. ಹವಳದ ಬದಿಯಲ್ಲಿ ಬೆಳೆಯುವ ಗರಿಯಂಥದೊಂದು ಸವರಿದರೆ ಚಾಟಿ ಬೀಸಿದ ಹಾಗೆ ಬರೆ, ನಾಲ್ಕು ದಿನ ಉರಿ. ಅಣ್ಣ ನನ್ನ ಕೈಯಿಂದ ಏನಾದರೂ ಇಸಿದುಕೊಳ್ಳುವಾಗ, "ಬಂತು ಮರಳುಕಾಗದ," ಎನ್ನುತ್ತಿದ್ದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಕೈ ನೋಡಿ ಚೀಲವನ್ನು ಆಚೆ ಮಡಿಲಿಗೆ ಸರಿಸಿಕೊಳ್ಳುತ್ತಿದ್ದರು. ಬೇಸರವೇನಾಗುತ್ತಿರಲಿಲ್ಲ. ಆ ಕೈಯನ್ನು ಕಾಯುವವನು ಒಬ್ಬನಿದ್ದ.

ನನ್ನದು ಒಂದನೆಯ ತೊಟ್ಟಿ, ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಮಾವ ಇದ್ದ. ಕಂದು ಚುಕ್ಕೆಯ, ಎಂಟು ವರ್ಷದ ಮಗುವಿನಷ್ಟು ತೂಕದ ಮೀನು. ದಪ್ಪ ಕೆಳತುಟಿ, ಊಟ ತಡವಾಯಿತೆಂದು ಮುನಿಸಿಕೊಂಡ ಹಿರಿಯರ ಮುಖ. ಹೆಸರಿಟ್ಟವಳು ಅತ್ತಿಗೆ. ಅವಳು ಮದುವೆಯಾಗಿ ಬರುವ ಮುಂಚೆಯೇ ನಮ್ಮ ಅಪ್ಪ ತೀರಿಕೊಂಡಿದ್ದರು. ಮೊದಲ ದಿನ ಗಾಜಿನ ಮುಂದೆ ನಿಂತು, "ಅಯ್ಯೋ ಈ ಮೋರೆ! ನನಗೆ ಮಾವ ಇಲ್ಲ ಅನ್ನೋ ಕೊರಗು ಇವತ್ತಿಗೆ ತೀರ್ತು," ಎಂದಳು. ಅಂದಿನಿಂದ ಉಪ್ಪಣ್ಣನಿಗೂ ಅವನು ಮಾವ. ಮಹಡಿಯ ಮೇಲಿನ ಕಚೇರಿಯ ಯಜಮಾನರಿಗೂ ಮಾವ.

ಹನ್ನೊಂದು ಗಂಟೆಗೆ ಜನ ಸೇರುತ್ತಿದ್ದರು. ನಾನು ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ, ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ, ಮೀನಿನ ತುಂಡು ಹಿಡಿದು ಬರಿಗೈಯನ್ನು ನೀರಿಗೆ ಇಳಿಬಿಡುತ್ತಿದ್ದೆ. ಮಾವ ಬಂಡೆಯ ಗವಿಯಿಂದ ಆತುರವಿಲ್ಲದೆ ಹೊರಟು, ನನ್ನ ಬೆರಳುಗಳ ಹತ್ತಿರ ಬಾಯಿ ತಂದು, ಒಂದು ಕ್ಷಣ ನಿಂತು, ತುಂಡನ್ನು ಎಳೆದುಕೊಳ್ಳುತ್ತಿದ್ದ. ಅವನ ತುಟಿ ಬೆರಳಿಗೆ ತಾಗುತ್ತಿತ್ತು. ಹನ್ನೊಂದು ವರ್ಷ ಹೀಗೆ. ಮೆಟ್ಟಿಲಿನ ಮೇಲೆ ನನ್ನ ಕಾಲಸದ್ದು ಕೇಳಿದರೇ ಗವಿಯಿಂದ ಮುಖ ಹೊರಹಾಕುತ್ತಿದ್ದ. ರಜೆ ಹಾಕಿದರೆ ಬೇರೆಯವರ ಕೈಗೆ ಒಂದೊಂದು ದಿನ ಬರುತ್ತಿರಲೇ ಇಲ್ಲವಂತೆ. ರಜೆ ಹಾಕುವುದನ್ನೇ ಬಿಟ್ಟಿದ್ದೆ.

"ಬರಿಗೈಯಿಂದ ಮಾತ್ರ ತಿನ್ನುವ ಮೀನು" ಎಂದು ಹೆಬ್ಬಾಗಿಲಿನ ಹಲಗೆಯ ಮೇಲೆ ಬರೆಸಿದ್ದರು. ನಾನು ಸೇರುವ ಮುಂಚೆ ಯಾರೋ ಕೈಗವಸು ಹಾಕಿ ನೋಡಿದ್ದರಂತೆ, ಎರಡು ದಿನ ಅವನು ಬಾಯಿ ತೆರೆಯಲಿಲ್ಲವಂತೆ. ಯಾರು, ಯಾವಾಗ, ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಒಂದನೆಯ ತೊಟ್ಟಿಗೆ ಕೈಗವಸು ಬೇಡವೆಂದು ಯಜಮಾನರು ಹೇಳಿಬಿಟ್ಟಿದ್ದರು. ಉಳಿದ ತೊಟ್ಟಿಗಳಿಗೂ ತರಿಸಿರಲಿಲ್ಲ, ನಾವೂ ಬೇಕೆಂದು ಕೇಳಿರಲಿಲ್ಲ.

ಅಂಟಿನ ವಿಷಯ ಉಪ್ಪಣ್ಣನಿಗೆ ಗೊತ್ತಿರಲಿಲ್ಲ. ಒಡೆದ ಹವಳದ ತುಂಡುಗಳನ್ನು ಬಂಡೆಗೆ ಕೂರಿಸಲು ಒಂದು ಅಂಟು ಇರುತ್ತದೆ. ನೀರಿನೊಳಗೂ ಕಲ್ಲಿನ ಹಾಗೆ ಹಿಡಿಯುತ್ತದೆ. ಬೆರಳು ತರಚಿದರೆ ನಾವು ಅದನ್ನೇ ಗಾಯದ ಬಾಯಿಗೆ ಒಂದು ಹನಿ ಬಿಟ್ಟು ಒತ್ತಿಕೊಳ್ಳುತ್ತಿದ್ದೆವು. ಅರ್ಧ ನಿಮಿಷದಲ್ಲಿ ಗಾಯ ಮುಚ್ಚಿ ಉಗುರಿನ ಹಾಗೆ ಗಟ್ಟಿಯಾಗುತ್ತಿತ್ತು. ಆಮೇಲೆ ಬಕೆಟ್ಟಿನಲ್ಲಿ ಇಪ್ಪತ್ತರವರೆಗೆ ಎಣಿಸಿದರೂ ಮುಖ ಕದಲುವುದಿಲ್ಲ. ತೊಟ್ಟಿಯ ಕೆಲಸದವರು ಬಿಟ್ಟು ಬೇರೆ ಯಾರಿಗೂ ಹೊಳೆಯದ ಬುದ್ಧಿವಂತಿಕೆ ಅದು. ಕದ್ದು ಮಾಡುವ ಕೆಲಸಕ್ಕೆ ಇರುವ ಖುಷಿಯೂ ಅದರಲ್ಲಿತ್ತು.

ಚಳಿ ಶುರುವಾದ ತಿಂಗಳು ನನ್ನ ಬಲಗೈಯ ನಡುಬೆರಳು ಬಂಡೆಗೆ ತರಚಿತು. ಅಂಟು ಹಾಕಿಕೊಂಡೆ. ಮೂರು ವಾರದ ಮೇಲೆ ಅಂಟು ಉದುರಿದಾಗ ಅಡಿಯಲ್ಲಿ ಒಂದು ಗಂಟು ಎದ್ದಿತ್ತು, ಬಟಾಣಿಯಷ್ಟು, ನೇರಳೆಗೆಂಪು. ಒತ್ತಿದರೆ ನೋವಿಲ್ಲ. ಇನ್ನೊಂದು ತಿಂಗಳಿಗೆ ಕೈಯ ಹಿಂಬದಿಯಲ್ಲಿ ಎರಡನೆಯದು, ಆಮೇಲೆ ಮಣಿಕಟ್ಟಿನ ಮೇಲೆ ಮೂರನೆಯದು. ಒಂದೇ ದಾರಿಯ ಬಸ್‌ ನಿಲ್ದಾಣಗಳ ಹಾಗೆ, ಬೆರಳಿನಿಂದ ಮೊಣಕೈ ಕಡೆಗೆ.

ಆ ದಾರಿ ನಾನು ಮೊದಲು ನೋಡಿದ್ದೆ. ನಾಲ್ಕು ವರ್ಷದ ಹಿಂದೆ, ಅತ್ತಿಗೆ ಕೆಲಸಕ್ಕೆ ಸೇರುವ ಮುಂಚೆ, ಪಂಪು ನೋಡಿಕೊಳ್ಳುತ್ತಿದ್ದ ಮುದುಕನ ತೋಳಿನಲ್ಲಿ ಇದೇ ಥರ ಸಾಲುಗಂಟು ಎದ್ದಿದ್ದವು. ಅವನ ಡಾಕ್ಟರು ಏನು ಕೆಲಸವೆಂದು ಕೇಳಿದರು, ಅವನು ಮೀನುಮನೆ ಎಂದ, ಒಂದು ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಮೀನಿನಿಂದ ಬರುವ ರೋಗ. ಮೀನುಗಳ ಡಾಕ್ಟರು ಬಂದು ಮೂರನೆಯ ತೊಟ್ಟಿಯನ್ನು ಪರೀಕ್ಷಿಸಿದರು. ಅದನ್ನು ಖಾಲಿ ಮಾಡಲು ಎರಡು ದಿನ ಹಿಡಿಯಿತು. ಮೀನುಗಳನ್ನು ಒಂದೊಂದಾಗಿ ಲವಂಗದ ಎಣ್ಣೆ ಬೆರೆಸಿದ ನೀರಿಗೆ ಬಿಟ್ಟೆವು. ಅದರಲ್ಲಿ ಅವು ಮೊದಲು ತೂಕಡಿಸುತ್ತವೆ, ಆಮೇಲೆ ಕಿವಿರು ನಿಲ್ಲಿಸುತ್ತವೆ. ಹವಳ, ಬಂಡೆ, ಮರಳು ಎಲ್ಲವನ್ನೂ ಚೀಲದಲ್ಲಿ ತುಂಬಿ ಎಸೆದೆವು. ಗಾಜು ಒಂದು ವರ್ಷ ಒಣಗಿ ನಿಂತಿತು. ವಾರವಿಡೀ ನನ್ನ ಕೂದಲಿನಲ್ಲಿ ಹಲ್ಲುನೋವಿನ ವಾಸನೆ.

ಈಗ ಮಾವ ಇಳಿದುಹೋಗುತ್ತಿದ್ದ. ಬೆನ್ನಿನ ಏಣು ಕಾಣತೊಡಗಿತ್ತು. ಎಡಗಡೆಯ ಈಜುರೆಕ್ಕೆಯ ಹಿಂದೆ ಒಂದು ಗಂಟು ಎದ್ದಿತ್ತು, ಬಟಾಣಿಯಷ್ಟು, ನೇರಳೆಗೆಂಪು. ಎಡಗಡೆ ಗವಿಯ ಗೋಡೆಯ ಕಡೆಗಿರುತ್ತಿದ್ದುದರಿಂದ ಗಾಜಿನ ಆಚೆಯವರಿಗೆ ಕಾಣುತ್ತಿರಲಿಲ್ಲ. ಮೇಲಿನಿಂದ ಕೈ ಚಾಚುವವಳಿಗೆ ಕಾಣುತ್ತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಉದ್ದ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದ ಮೇಲೆ ಒಳಗೆ ಕರೆದರು. ದಣಿದ ಕಣ್ಣಿನ ಹೆಂಗಸು. ನನ್ನ ಕೈಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ಏನು ಕೆಲಸ ಮಾಡ್ತೀರ?"

ಈ ಒಂದು ಪ್ರಶ್ನೆಗೆಂದೇ ಹೋಗಿದ್ದೆ ಅನ್ನಿಸುತ್ತದೆ. ಯಾರಾದರೂ ಕೇಳಲಿ, ಬಾಯಿ ತಾನಾಗಿ ಹೇಳಿಬಿಡಲಿ ಎಂದು. ಬಾಯಿ ಬೇರೆಯದನ್ನು ಹೇಳಿತು.

"ಪಾತ್ರೆ ತೊಳೀತೀನಿ. ದೊಡ್ಡ ಅಡುಗೆಮನೆಯಲ್ಲಿ."

"ಸೋಪಿನ ನೀರು?"

"ದಿನವಿಡೀ."

"ಹಾಗಾದ್ರೆ ಆಗೋದೇ. ಮೀನು, ಗಿಡ, ಮಣ್ಣು, ಇಂಥದ್ದೇನಾದ್ರೂ?"

"ಇಲ್ಲ."

ಅವರು ಒಂದು ಮುಲಾಮು ಬರೆದುಕೊಟ್ಟರು. ಹಚ್ಚಿದರೆ ಕೆಂಪು ಇಳಿಯುತ್ತಿತ್ತು, ತುರಿಕೆ ನಿಲ್ಲುತ್ತಿತ್ತು. ಗಂಟು ಮಾತ್ರ ಒಳಗೊಳಗೇ ಬೆಳೆಯುತ್ತಿತ್ತು. ಉದ್ದ ತೋಳಿನ ಅಂಗಿ ಹಾಕತೊಡಗಿದೆ. ಬಕೆಟ್ಟಿನ ಮುಂದೆ ಎಲ್ಲರಿಗಿಂತ ಮೊದಲು ನಿಂತು, ಮಬ್ಬು ಬೆಳಕಿನಲ್ಲಿ ಕೈ ಅದ್ದಿ ತೆಗೆಯುತ್ತಿದ್ದೆ. ಉಪ್ಪಣ್ಣ ನನ್ನ ಮುಖ ನೋಡುತ್ತಿದ್ದ. ನೋವಿಲ್ಲದ ಮುಖದಲ್ಲಿ ಅವನಿಗೆ ಏನು ಸಿಗಬೇಕು?

"ಏನು, ಮದುಮಗಳ ಹಾಗೆ ಕೈ ಮುಚ್ಕೊಂಡು ಓಡಾಡ್ತಿದ್ದೀಯ?" ಅತ್ತಿಗೆ ಒಂದು ಸಂಜೆ ಕೇಳಿದಳು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ.

"ಚಳಿ."

"ಚಳಿಯಂತೆ. ಯಾರಾದ್ರೂ ಬಳೆ ತೊಡಿಸಿದ್ರೆ ಹೇಳಿಬಿಡು, ನಿಮ್ಮಣ್ಣನಿಗೆ ನಾನು ಸಮಾಧಾನ ಮಾಡ್ತೀನಿ."

ನಕ್ಕೆ. ನಗು ಬರುತ್ತಿತ್ತು, ಅದೇ ವಿಚಿತ್ರ. ಬೆಳಗ್ಗೆಯಿಂದ ಸಂಜೆಯ ತನಕ ನಾನು ಸರಿಯಾಗಿಯೇ ಇರುತ್ತಿದ್ದೆ. ಇನ್ನೊಂದು ತಿಂಗಳು, ಎಂದುಕೊಳ್ಳುತ್ತಿದ್ದೆ. ಮಾವನಿಗೆ ವಯಸ್ಸಾಗಿದೆ, ತಾನಾಗಿ ಗವಿಯಲ್ಲಿ ಒಂದು ದಿನ ನಿಂತುಹೋದರೆ ಅಷ್ಟೇ. ಆಮೇಲೆ ಹೇಳಿದರಾಯಿತು. ಉಳಿದವು ಸಾಯಲಿ, ಬಂಡೆ ಎಸೆಯಲಿ. ಅವನನ್ನು ಲವಂಗದ ನೀರಿಗೆ ನನ್ನ ಕೈಯಿಂದ ಬಿಡುವಂತಾಗದಿದ್ದರೆ ಸಾಕು.

ಆಮೇಲೆ ಅತ್ತಿಗೆಯ ಬೆರಳು ತರಚಿತು.

ಮಾರನೆಯ ದಿನ ಶಾಲೆಯೊಂದರಿಂದ ನೂರಾರು ಮಕ್ಕಳು ಬರುವವರಿದ್ದರು. ಮಾವನಿಗೆ ಆ ದಿನ ಅತ್ತಿಗೆ ಊಟ ಕೊಡಲಿ ಎಂದು ಉಪ್ಪಣ್ಣ ಒಪ್ಪಿದ್ದ. ಎರಡು ವರ್ಷದಿಂದ ಕೇಳುತ್ತಿದ್ದಳು. ಹೊಸ ಅಂಗಿಗೆ ಕತ್ತಿನ ಸುತ್ತ ಅಲೆಯ ಕಸೂತಿ ಹಾಕಿಕೊಂಡಿದ್ದಳು. ಹಿಂದಿನ ಸಂಜೆ ನಾಲ್ಕನೆಯ ತೊಟ್ಟಿಯ ಅಂಚಿನ ಚಿಪ್ಪಿಗೆ ಅವಳ ಬಲಗೈ ತೋರುಬೆರಳು ಸೀಳಿತು. ದೊಡ್ಡದೇನಲ್ಲ. ಬೆಳಗ್ಗೆ ಪಂಪುಗಳ ಕೋಣೆಯ ಹಿಂದೆ ನನ್ನನ್ನು ಎಳೆದುಕೊಂಡು ಹೋಗಿ ಬೆರಳು ಚಾಚಿದಳು.

"ರಾಣೀ, ನಿನ್ನ ಅಂಟು ತೆಗಿ. ಇವತ್ತು ಮಾವನವರಿಗೆ ಬಡಿಸದೆ ಹೋದ್ರೆ ನಾನು ಇನ್ನು ಈ ಮನೆ ಸೊಸೇನೇ ಅಲ್ಲ."

ಬೇಡ ಎನ್ನಬಹುದಿತ್ತು. ಆ ನೀರಿನಲ್ಲಿ ಏನಿದೆಯೆಂದು ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬೇಡ ಎಂದರೆ ಯಾಕೆ ಎನ್ನುತ್ತಿದ್ದಳು. ಅಂಟಿನ ಮುಚ್ಚಳ ತಿರುಗಿಸಿದೆ. ಒಂದು ಹನಿ ಬಿಟ್ಟು, ಎರಡು ಬೆರಳಿನಿಂದ ಒತ್ತಿ, ಅರ್ಧ ನಿಮಿಷ ಹಿಡಿದುಕೊಂಡೆ. ಅವಳು ನನ್ನ ಭುಜಕ್ಕೆ ಹಣೆಯಿಟ್ಟು ಒಳಗೊಳಗೇ ನಗುತ್ತಿದ್ದಳು. ಬಕೆಟ್ಟಿನಲ್ಲಿ ಅವಳ ಮುಖ ಕದಲಲಿಲ್ಲ. ಹನ್ನೊಂದಕ್ಕೆ ಮಾವ ಅವಳ ಕೈಗೆ ಬಂದ. ಬಂದು, ಸ್ವಲ್ಪ ಹೊತ್ತು ನಿಂತು, ತುಂಡು ತೆಗೆದುಕೊಂಡ. ಗಾಜಿನ ಆಚೆ ಮಕ್ಕಳು ಕಿರುಚಿದರು. ಅವಳು ನನ್ನ ಕಡೆ ತಿರುಗಿ, ಕಣ್ಣು ಒದ್ದೆ ಮಾಡಿಕೊಂಡು, "ಒಪ್ಕೊಂಡ್ರು ಕಣೇ," ಎಂದಳು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ, ರಜೆಯ ದಿನ, ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಬೆರಳನ್ನು ಬೆಳಕಿಗೆ ಹಿಡಿದಿದ್ದಳು.

"ನೋಡಿಲ್ಲಿ. ನಿನ್ನ ಅಂಟು ಉದುರ್ತು, ಅಡೀಲಿ ಒಂದು ಗುಳ್ಳೆ ಬಿಟ್ಟು ಹೋಗಿದೆ."

ನೋಡಿದೆ. ಬಟಾಣಿಯಷ್ಟಿರಲಿಲ್ಲ ಇನ್ನೂ. ಮೆಣಸಿನ ಕಾಳಿನಷ್ಟಿತ್ತು.

"ನೋಯುತ್ತಾ?"

"ಇಲ್ಲ. ಸೂಜಿ ಒತ್ತುವಾಗ ಅಡ್ಡ ಬರುತ್ತೆ ಅಷ್ಟೆ."

ನಾನು ಎದ್ದು ನನ್ನ ಕೋಣೆಗೆ ಹೋದೆ. ಚೀಲದ ತಳದಿಂದ ನನ್ನ ಮುಲಾಮಿನ ಕೊಳವೆ ತೆಗೆದೆ. ತುದಿಯಿಂದ ಸುರುಳಿ ಸುತ್ತಿ ಅರ್ಧಕ್ಕೆ ತಂದಿದ್ದೆ. ಅದನ್ನು ಬಿಡಿಸಿ ನೇರ ಮಾಡಿ, ಹೊಸದರ ಹಾಗೆ ಕಾಣುವಂತೆ ಒತ್ತಿ, ಹೊರಗೆ ತಂದು ಅವಳ ಕೈಗೆ ಕೊಟ್ಟೆ.

"ಹಚ್ಚು. ಕಡಿಮೆಯಾಗುತ್ತೆ."

ನಾನು ಮಾಡಿದ ಕೆಲಸಗಳಲ್ಲಿ ಇದನ್ನು ಮಾತ್ರ ಯಾರಿಗೆ ವಿವರಿಸಲು ಹೋದರೂ ನಾಲಿಗೆ ಹೊರಳುವುದಿಲ್ಲ. ಸುಳ್ಳು ಹೇಳಿದ್ದು ಅರ್ಥವಾಗುತ್ತದೆ. ಅಂಟು ಹಾಕಿದ್ದೂ. ಆ ಕೊಳವೆಯ ಸುರುಳಿ ಬಿಡಿಸಿದ್ದು ಅರ್ಥವಾಗುವುದಿಲ್ಲ.

ನಾನು ಹೇಳಿದ ಹಾಗೆ ಅವಳು ದಿನಕ್ಕೆ ಎರಡು ಸಲ ಹಚ್ಚಿದಳು. ಕೆಂಪು ಇಳಿಯಿತೆಂದು ನನ್ನನ್ನು ಹೊಗಳಿದಳು. ನಾಲ್ಕನೆಯ ವಾರ ಗೆಣ್ಣು ಊದಿತು. ಐದನೆಯ ವಾರ ಬೆರಳು ಪೂರ್ತಿ ಮಡಚಲಾಗಲಿಲ್ಲ. ಒಂದು ಸಂಜೆ ನಾನು ಅಡುಗೆಮನೆಯಿಂದ ನೋಡುತ್ತಿದ್ದೆ: ಅವಳು ಒಂದು ಮಗುವಿನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಸೂಜಿ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ಮೂರನೆಯ ಸಲ ಅವಳು ಎತ್ತಿಕೊಳ್ಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ವಸ್ತು, ಯಾರೋ ಮರೆತುಹೋದದ್ದು ಎಂಬ ಹಾಗೆ ನೋಡುತ್ತ ಕೂತಳು.

ಅಣ್ಣ ಬಂದು ದೀಪ ಹಾಕಿದ. "ಯಾಕೆ ಕತ್ತಲಲ್ಲಿ ಕೂತಿದ್ದೀಯ?"

"ಸೂಜಿ ಮುನಿಸ್ಕೊಂಡಿದೆ," ಎಂದಳು ಅವಳು.

ಮಾರನೆಯ ಬೆಳಗ್ಗೆ ನಾನು ಸಾಲಿನಲ್ಲಿ ಮೊದಲು ನಿಲ್ಲಲಿಲ್ಲ. ಎಲ್ಲರೂ ಆಗುವ ತನಕ ಕಾದೆ. ನನ್ನ ಮುಂದೆ ಅತ್ತಿಗೆ ಕೈ ಅದ್ದಿ, ಎಣಿಸಿ, ತೆಗೆದು, ಒರೆಸಿಕೊಳ್ಳುತ್ತಿದ್ದಳು. ನಾನು ಕಿಟಕಿಯ ಬೆಳಕಿನ ಕಡೆಗೆ ಬಕೆಟ್ಟನ್ನು ಕಾಲಿನಿಂದ ಸರಿಸಿದೆ. ಅಂಗಿಯ ಬಲತೋಳನ್ನು ಮೊಣಕೈಯ ಮೇಲಿನ ತನಕ ಮಡಚಿ, ಅಷ್ಟೂ ಕೈಯನ್ನು ನೀರಿಗೆ ಇಳಿಸಿದೆ. ಆಗ ಐದು ಗಂಟುಗಳಿದ್ದವು. ಒಂದು ಒಡೆದಿತ್ತು.

ಉಪ್ಪಣ್ಣ ಅಭ್ಯಾಸದಂತೆ ಮುಖ ನೋಡುತ್ತಿದ್ದ.

"ಮುಖ ಬೇಡ ಉಪ್ಪಣ್ಣ. ಕೈ ನೋಡು."

ನೋಡಿದ. ತುಂಬ ಹೊತ್ತು ನೋಡಿದ. ನಾನು ಹತ್ತರವರೆಗೆ ಎಣಿಸಿ ಮುಗಿಸಿದ್ದೆ, ಆದರೂ ತೆಗೆಯಲಿಲ್ಲ.

"ಉರಿಯಲ್ವಾ?"

"ಇಲ್ಲ. ಇದು ನೋಯಲ್ಲ."

"ಎಷ್ಟು ದಿನ ಆಯ್ತು?"

"ಆರು ತಿಂಗಳು."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ. ಪಾತ್ರೆ ತೊಳೀತೀನಿ ಅಂದೆ."

ಅವನು ಬಕೆಟ್ಟಿನ ಅಂಚು ಹಿಡಿದು ನಿಧಾನ ಕೂತ. ಅವನ ಮಂಡಿ ಸದ್ದು ಮಾಡಿತು. "ಒಂದನೇ ತೊಟ್ಟಿ?"

"ಹೂಂ."

"ಮಾವ?"

"ಎಡಗಡೆ, ರೆಕ್ಕೆ ಹಿಂದೆ. ಚಳಿಗಾಲದಿಂದ."

ಅವನು ಬಯ್ಯಲಿಲ್ಲ. "ಇಪ್ಪತ್ತೆಂಟು ವರ್ಷ," ಎಂದ, ಬಕೆಟ್ಟಿಗೆ ಹೇಳುವವನ ಹಾಗೆ. "ನೋವನ್ನು ನೋಡ್ತಾ ಇದ್ದೆ. ನೋಯದೇ ಇರೋದನ್ನ ಯಾರು ನೋಡಬೇಕಿತ್ತು?"

ಅತ್ತಿಗೆ ಟವೆಲಿನಲ್ಲಿ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನನ್ನ ತೋಳಿನ ಗಂಟುಗಳನ್ನು ಒಂದೊಂದಾಗಿ ನೋಡಿ, ಆಮೇಲೆ ತನ್ನ ಬೆರಳನ್ನು ನೋಡಿದಳು. ಅವಳಿಗೆ ಬುದ್ಧಿ ಹೇಳಿಕೊಡಬೇಕಾಗಿರಲಿಲ್ಲ.

"ನನಗೆ ಅಂಟು ಹಾಕಿದಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮುಲಾಮು ಕೊಟ್ಟಾಗ?"

"ಗೊತ್ತಿತ್ತು."

ಯಾವುದಾದರೊಂದು ತಮಾಷೆ ಬರುತ್ತದೆಂದು ಕಾದೆ. ನಿಜವಾಗಿ ಕಾದೆ. ಅವಳು ಟವೆಲನ್ನು ಮಡಚಿ ಮೊಳೆಗೆ ಹಾಕಿ, ಮೆಟ್ಟಿಲಿಳಿದು ಹೊರಗೆ ಹೋದಳು.

ಈ ಸಲ ಅದೇ ಡಾಕ್ಟರಿಗೆ ಕೆಲಸದ ಹೆಸರು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅವತ್ತು ನಾನು ಕೇಳಿದ್ದೆ ಅಲ್ವಾ?" ಎಂದರು. ಹೌದೆಂದೆ. ಒಂದು ಚೂರು ಕೊಯ್ದರು. ಎರಡು ಬಗೆಯ ಮಾತ್ರೆ, ಕಡಿಮೆಯೆಂದರೆ ಎಂಟು ತಿಂಗಳು. ಒಂದು ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ, ಕಣ್ಣೀರಿಗೂ ಬಣ್ಣ ಬರಬಹುದು ಎಂದರು. ದಿನಾ ಸಂಜೆ ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ಕೈ ಇಡಿ. ಈ ರೋಗಕ್ಕೆ ತಂಪು ಇಷ್ಟ, ಬಿಸಿ ಆಗುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ ಎಂದೂ ಹೇಳಿದರು. ಅಣ್ಣ ಅದನ್ನು ನಂಬಲಿಲ್ಲ. ನನ್ನ ಸೋಪು, ಟವೆಲು, ಲೋಟ ಬೇರೆಯಾದವು.

ಅತ್ತಿಗೆಯ ಬೆರಳಿನಲ್ಲಿ ರೋಗ ಮಡಚುವ ನರದ ಸುತ್ತಲಿನ ಚೀಲಕ್ಕೆ ಇಳಿದಿತ್ತು. ಮುಲಾಮು ಹಚ್ಚಿದ ಬೆರಳಲ್ಲಿ ಹೀಗೆ ಬೇಗ ಆಗುತ್ತದಂತೆ. ಕೊಯ್ದು ತೊಳೆದರು. ಬೆರಳು ಉಳಿಯಿತು. ಮಡಚುವುದಿಲ್ಲ.

ಆಸ್ಪತ್ರೆಯ ಹಜಾರದಲ್ಲಿ ಅಣ್ಣ ಒಂದೇ ಮಾತು ಕೇಳಿದ. "ಒಂದು ಮೀನಿಗೋಸ್ಕರ?"

ಹೌದೆಂದರೆ ಹುಚ್ಚಿಯ ಮಾತಾಗುತ್ತಿತ್ತು. ಅಲ್ಲವೆಂದರೆ ಸುಳ್ಳಾಗುತ್ತಿತ್ತು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಾಗಲು ಐದು ನಿಮಿಷವಿತ್ತು.

ಒಂದನೆಯ ತೊಟ್ಟಿ ಖಾಲಿ ಮಾಡುವ ದಿನ ಉಪ್ಪಣ್ಣ ನನ್ನನ್ನು ಕರೆಸಿದ. ಉಳಿದ ಮೀನುಗಳನ್ನು ಬಲೆ ಹಾಕಿ ಹಿಡಿದಾಗಿತ್ತು. ಮಾವ ಗವಿಯೊಳಗೆ ಹೋಗಿ ಕೂತಿದ್ದ. ಬಲೆ ಹಾಕಿದರೆ ಬಂಡೆಗೆ ಉಜ್ಜಿ ಹರಿದುಕೊಳ್ಳುತ್ತಾನೆ. "ನೀನು ಕರೆದ್ರೆ ಬರ್ತಾನೆ," ಎಂದ ಉಪ್ಪಣ್ಣ. ಮೀನುಗಳ ಡಾಕ್ಟರು ದೊಡ್ಡ ನೀಲಿ ಟಬ್ಬಿಗೆ ಎಣ್ಣೆಯನ್ನು ಅಳೆದು ಬಿಡುತ್ತಿದ್ದರು. ನೀರು ಹಾಲಿನ ಹಾಗೆ ಬಿಳಿಚಿತು. ಲವಂಗದ ವಾಸನೆ ಪಂಪುಗಳ ಕೋಣೆಯ ತನಕ ಹಬ್ಬಿತ್ತು.

ಉಪ್ಪಣ್ಣ ನನ್ನ ಭುಜದವರೆಗೆ ಬರುವ ಹಳದಿ ರಬ್ಬರಿನ ಕೈಗವಸು ತಂದುಕೊಟ್ಟ.

"ಇದಕ್ಕೆ ಬರಲ್ಲ ಅವನು," ಎಂದೆ.

"ಬರದಿದ್ರೆ ಬಲೆ. ಬರಿಗೈ ಮಾತ್ರ ಬೇಡ. ಸಾಕು."

ಮೆಟ್ಟಿಲು ಹತ್ತಿದೆ. ಗವಿಯ ಬಾಯಲ್ಲಿ ದಪ್ಪ ತುಟಿ ಕಾಣಿಸಿತು. ಮಂಡಿಯೂರಿ, ತುಂಡು ಹಿಡಿದು, ಹಳದಿ ಕೈಯನ್ನು ನೀರಿಗೆ ಇಳಿಸಿದೆ. ನೀರಿನ ತಂಪು ರಬ್ಬರಿನ ಆಚೆಯೇ ಉಳಿಯಿತು. ಅವನು ಹೊರಟ. ಆತುರವಿಲ್ಲದೆ, ಯಾವಾಗಿನ ಹಾಗೆ, ಬೆನ್ನಿನ ಏಣು ಎದ್ದು ಕಾಣುತ್ತ. ನೇರ ನನ್ನ ಬೆರಳಿನ ಹತ್ತಿರ ಬಂದು, ಬಾಯಿ ತೆರೆದು, ತುಂಡು ಎಳೆದುಕೊಂಡ. ಒಂದು ಕ್ಷಣವೂ ನಿಲ್ಲಲಿಲ್ಲ.

ಇನ್ನೊಂದು ತುಂಡು ಹಿಡಿದೆ. ಅದನ್ನೂ ತೆಗೆದುಕೊಂಡ.

"ಉಪ್ಪಣ್ಣ. ಬಂದ."

"ನೋಡಿದೆ."

"ಕೈಗವಸಿಗೇ ಬಂದ."

"ನೋಡಿದೆ ಅಂದೆನಲ್ಲ," ಎಂದ ಉಪ್ಪಣ್ಣ, ಮತ್ತು ಕೆಳಗೆ ಎಲ್ಲೋ ನೋಡತೊಡಗಿದ.

ತುಂಡು ತೋರಿಸುತ್ತ ಮಾವನನ್ನು ಅಂಚಿನ ತನಕ ಕರೆತಂದೆ. ಅಲ್ಲಿ ನೀರಿನಲ್ಲಿ ಮುಳುಗಿಸಿಟ್ಟಿದ್ದ ಜೋಲಿಯೊಳಗೆ ತಾನಾಗಿಯೇ ಬಂದ. ಇಬ್ಬರು ಹಿಡಿದು ಎತ್ತಿದರು. ಬಿಳಿಚಿದ ನೀರಿನಲ್ಲಿ ಒಂದು ಸುತ್ತು ಹಾಕಿ, ವಾಲಿ, ಟಬ್ಬಿನ ಅಂಚಿಗೆ ತುಟಿ ಒತ್ತಿಕೊಂಡು ನಿಂತ. ನಾನು ಹಳದಿ ಕೈಯನ್ನು ಅವನ ಹೊಟ್ಟೆಯ ಅಡಿಯಲ್ಲಿ ಹಿಡಿದಿದ್ದೆ. ಕಿವಿರು ನಿಂತದ್ದು ರಬ್ಬರಿನೊಳಗಿನ ನನ್ನ ಕೈಗೆ ತಿಳಿಯಲಿಲ್ಲ. ಡಾಕ್ಟರು ಹೇಳಿದ ಮೇಲೆ ತಿಳಿಯಿತು.

ಹೆಬ್ಬಾಗಿಲಿನ ಹಲಗೆಯನ್ನು ಅವತ್ತೇ ತೆಗೆದರು. ಈಗ ಎಲ್ಲ ತೊಟ್ಟಿಗೂ ಕೈಗವಸು ಇದೆ. ಬಕೆಟ್ಟು ಮಾಪಿನ ಜೊತೆ ಮೂಲೆ ಸೇರಿದೆ. ನನಗೆ ಒಣ ಕೆಲಸ. ಗಾಜು ಒರೆಸುತ್ತೇನೆ. ಅತ್ತಿಗೆ ಮೀನುಮನೆ ಬಿಟ್ಟಳು.

ಸಂಜೆ ಆರಕ್ಕೆ ಅಡುಗೆಮನೆಯ ನೆಲದ ಮೇಲೆ ಎರಡು ಬೋಗುಣಿ. ನನ್ನದು ಒಲೆಯ ಪಕ್ಕ, ಅವಳದು ಬಾಗಿಲಿನ ಪಕ್ಕ. ಹಬೆಯಾಡುವ ನೀರಿನಲ್ಲಿ ಕೈಯಿಟ್ಟು ಇಪ್ಪತ್ತು ನಿಮಿಷ ಕೂರುತ್ತೇವೆ. ಮೊದಲ ಎರಡು ತಿಂಗಳು ಅವಳು ಗಡಿಯಾರದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ಸಂಜೆ ತಿರುಗದೆಯೇ ಕೇಳಿದಳು.

"ಕೈಗವಸಿಗೂ ಬಂದ್ರಂತಲ್ಲ. ಉಪ್ಪಣ್ಣ ಸಿಕ್ಕಿದ್ದ, ಹೇಳ್ದ."

"ಬಂದ."

"ನಿಲ್ಲದೇನೇ?"

"ನಿಲ್ಲದೇನೇ."

ಅವಳು ತನ್ನ ನೆಟ್ಟಗಿನ ಬೆರಳನ್ನು ನೀರಿನಿಂದ ಎತ್ತಿ ನೋಡಿ ಮತ್ತೆ ಮುಳುಗಿಸಿದಳು. ಇಪ್ಪತ್ತು ನಿಮಿಷವಾದ ಮೇಲೆ ಎದ್ದು, ಬೋಗುಣಿ ಚೆಲ್ಲಿ, ಕೈ ಒರೆಸಿಕೊಂಡು ಕಿಟಕಿಯ ಕೆಳಗೆ ಹೋಗಿ ಕೂತಳು. ಎಡಗೈಯಲ್ಲಿ ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಟಾಕು ಇನ್ನೂ ಸೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಸೂಜಿ ಮತ್ತು ಬಿಳಿ ನೂಲನ್ನು ನನ್ನ ಕಡೆಗೆ ಚಾಚಿದಳು.

"ಪೋಣಿಸಿ ಕೊಡು."

ನನ್ನ ಬೆರಳ ತುದಿಗಳಿಗೆ ಹೊಸ ಚರ್ಮ ಬಂದಿದೆ, ನೂಲು ಸಿಕ್ಕುವುದಿಲ್ಲ, ಜಾರುತ್ತದೆ. ನಾಲ್ಕನೆಯ ಸಲಕ್ಕೆ ಹೋಯಿತು. ಕೊಟ್ಟೆ. ಇಸಿದುಕೊಂಡಳು.

ಈಗ ದಿನಾ ಕೊಡುತ್ತೇನೆ. ದಿನಾ ಅಷ್ಟೇ ಮಾತು. ರಾಣಿ ಎಂದು ಮಾತ್ರ ಕರೆಯುವುದಿಲ್ಲ. ಯಾವ ಹೆಸರಿನಿಂದಲೂ ಕರೆಯುವುದಿಲ್ಲ.